ಮೂಲೆ ಕಂಪ್ಯೂಟರಿನ ಪಾಳಿ

ಬಾಗಿಲು ಸ್ವಲ್ಪ ಮುಂದೆ ಮಾಡು... ಕಿಟಕಿ ಇರಲಿ ಬಿಡು, ಸೆಖೆ. ಎಲ್ಲರೂ ಹತ್ತಿರ ಬನ್ನಿ. ಒಂದು ಮಾತು ಮೊದಲೇ ಹೇಳ್ತೀನಿ. ಬೇರೆ ಕತೆಗೆಲ್ಲ ನೀವು ಹೂಂಗುಟ್ಟಿ, ನನಗೂ ಖುಷಿ. ಇದಕ್ಕೆ ಮಾತ್ರ ಯಾರೂ ಹೂಂ ಅನ್ನಬೇಡಿ. ಸುಮ್ಮನೆ ಕೇಳಿ. ಯಾಕೆ ಅಂತ ನಿಮಗೇ ಗೊತ್ತಾಗುತ್ತೆ.

ಇದು ನನ್ನ ದೊಡ್ಡಮ್ಮನ ಮಗಳಿಗೆ ಆಗಿದ್ದು. ಯಾರೋ ಯಾರಿಗೋ ಹೇಳಿದ್ದಲ್ಲ. ಅರ್ಧ ಅವಳ ಬಾಯಿಂದ ಕೇಳಿದ್ದು, ಇನ್ನರ್ಧ ನಾನೇ ಕಣ್ಣಾರೆ ಕಂಡಿದ್ದು.

ಆಗ ನಾನೂ ಅಕ್ಕನೂ ಒಂದೇ ರೂಮಲ್ಲಿ ಬಾಡಿಗೆಗಿದ್ವಿ. ಮಹಡಿ ಮೇಲಿನ ರೂಮು. ಕಿಟಕಿಯಿಂದ ಬಗ್ಗಿದ್ರೆ ಕೆಳಗೆ ಓಣಿ, ಓಣಿಯ ತುದಿಗೆ ಒಂದು ಹಳೇ ಬಾವಿ. ಬಾವಿಗೆ ಕಬ್ಬಿಣದ ಜಾಲರಿ ಮುಚ್ಚಿದ್ರು. ಜಾಲರಿಯ ಕೊಂಡಿ ಸಡಿಲ. ಗಾಳಿ ಬೀಸಿದಾಗೆಲ್ಲ ಟಣ್... ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಣ್.

ಆ ರಾತ್ರಿ ಅಕ್ಕ ಬರೋದು ತುಂಬಾ ತಡವಾಯ್ತು. ನಾನು ಕಿಟಕಿ ಹತ್ತಿರ ನಿಂತಿದ್ದೆ. ಕೊನೆಗೆ ಅವಳ ಚಪ್ಪಲಿ ಸದ್ದು ಕೇಳಿಸ್ತು. ಒಂದು ಚಪ್ಪಲಿಯ ಪಟ್ಟಿ ಕಿತ್ತಿತ್ತಲ್ಲ, ಹಾಗಾಗಿ ಚರ್... ಪಟ್, ಚರ್... ಪಟ್. ಕತ್ತಲಲ್ಲೂ ಅವಳೇ ಅಂತ ಹೇಳಬಹುದು. ಬಾವಿ ಹತ್ತಿರ ಬಂದ್ಲು. ಸದ್ದು ನಿಂತೋಯ್ತು.

ನಿಂತೇ ಇದ್ಲು.

"ಅಕ್ಕಾ..." ಅಂತ ಮೆಲ್ಲಗೆ ಕರೆದೆ. ತಲೆ ಎತ್ತಲಿಲ್ಲ. ಒಲೆ ಮೇಲೆ ಹಾಲು ಮರೆತು ಬಂದವರು ನಡುದಾರಿಯಲ್ಲಿ ಗಕ್ಕನೆ ನಿಲ್ತಾರಲ್ಲ, ಥೇಟ್ ಹಾಗೆ. ಆಮೇಲೆ ತಿರುಗಿದ್ಲು. ಬಂದ ದಾರಿಯಲ್ಲೇ ವಾಪಸ್ ಹೊರಟ್ಲು. ಚರ್... ಪಟ್. ಚರ್... ಪಟ್. ದೂರ ದೂರ ಹೋಗಿ ಅಡಗಿಹೋಯ್ತು.

ಬಾವಿಯಲ್ಲಿ ಏನೋ ಕಂಡಿರಬೇಕು ಅಂತ ತಾನೇ ನೀವು ಅಂದ್ಕೊಂಡಿದ್ದು? ಇಲ್ಲ. ಆ ಬಾವಿ ಪಾಪದ್ದು. ಅದರೊಳಗೆ ಬಿದ್ದಿದ್ದು ಅಂದ್ರೆ ಮನೆ ಓನರ್ ಅಜ್ಜಿಯ ಕನ್ನಡಕ ಒಂದೇ. ಅಕ್ಕನಿಗೆ ಅಂಟಿಕೊಂಡಿದ್ದು ಬಾವಿದಲ್ಲ. ಅವಳು ಬಿಟ್ಟು ಬಂದಿದ್ದ ಕಂಪ್ಯೂಟರಿಂದು.

ಅವಳ ಕೆಲಸ ಏನು ಅಂತ ಹೇಳಿಬಿಡ್ತೀನಿ. ಕಂಪನಿಗಳಲ್ಲಿ ಕಂಪ್ಯೂಟರುಗಳು ಹಳೇದಾಗಿ ಆಮೆ ಥರ ಆಗ್ತವಲ್ಲ, ಅದನ್ನೆಲ್ಲ ಪೂರ್ತಿ ಅಳಿಸಿ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕೋದು. ಹಾಕಿದ ಮೇಲೆ ಡ್ರೈವರ್ ಹಾಕೋದು. ಇದನ್ನ ನಮ್ಮ ದೊಡ್ಡಮ್ಮ ನೆಂಟರ ಹತ್ತಿರ "ನನ್ನ ಮಗಳು ಕಂಪನಿಗಳಿಗೆ ಡ್ರೈವರ್ ಹಾಕಿಕೊಡ್ತಾಳೆ" ಅಂತ ಹೇಳಿಕೊಂಡು ಬಂದಿದ್ರು. ದೂರದ ಸಂಬಂಧಿ ಒಬ್ಬರು ಮನೆಗೇ ಬಂದು, "ನಮ್ಮ ಹುಡುಗನದ್ದೂ ಲೈಸೆನ್ಸ್ ಆಗಿದೆ, ಎಲ್ಲಾದ್ರೂ ಹಾಕಿಸಮ್ಮ" ಅಂತ ಕೇಳಿದ್ರು. ಅಕ್ಕ ನಕ್ಕೂ ನಕ್ಕೂ ಸುಸ್ತಾಗಿ, "ಮಾಮ, ಈ ಡ್ರೈವರ್ ಗಾಡಿ ಓಡಿಸೋನಲ್ಲ. ಕಂಪ್ಯೂಟರಿಗೆ ಇದು ನಿನ್ನ ಕಿವಿ, ಇದು ನಿನ್ನ ಬಾಯಿ ಅಂತ ಹೇಳಿಕೊಡೋ ಸಣ್ಣ ಪ್ರೋಗ್ರಾಮು" ಅಂದಿದ್ಲು. ಅಷ್ಟು ನಗೋಳು ಅವಳು. ಅದನ್ನ ನೆನಪಿಟ್ಟುಕೊಳ್ಳಿ, ಯಾಕಂದ್ರೆ ಇನ್ನು ಮುಂದೆ ಅವಳು ನಗಲ್ಲ.

ಆಗ ಅವಳು ಕೆಲಸ ಒಪ್ಪಿಕೊಂಡಿದ್ದ ಕಂಪನಿಯವರದು ಫೋನಿನ ಕೆಲಸ. ದಾರಿ ನಡುವೆ ಗಾಡಿ ಕೆಟ್ಟು ನಿಂತವರು ಇವರಿಗೆ ಫೋನ್ ಮಾಡಬೇಕು, ಇವರು ಹತ್ತಿರದ ಮೆಕ್ಯಾನಿಕ್ಕನ್ನ ಕಳಿಸ್ತಾರೆ. ಹಗಲು ರಾತ್ರಿ ನಡೆಯೋ ಕೆಲಸ. ಪಾಳಿ ಮೇಲೆ ಜನ. ಒಂದೊಂದು ಕಂಪ್ಯೂಟರಿಗೂ ಮೂರು ಮೂರು ಜನ ಪಾಲುದಾರರು. ಒಬ್ಬರು ಏಳಬೇಕು, ಇನ್ನೊಬ್ಬರು ಕೂರಬೇಕು. ಅಲ್ಲಿ ಒಂದು ಕಟ್ಟುನಿಟ್ಟು ಇತ್ತು... ಬದಲಿ ಬಂದು ಕೂರೋವರೆಗೆ ಕುರ್ಚಿ ಬಿಡಬಾರದು. ಕುರ್ಚಿ ಖಾಲಿ ಆದ್ರೆ ಎಲ್ಲೋ ಕತ್ತಲಲ್ಲಿ ನಿಂತವರ ಫೋನು ತಪ್ಪಿಹೋಗುತ್ತೆ ಅಂತ.

ಅಕ್ಕ ಕೆಲಸ ಮಾಡೋ ಅಷ್ಟು ದಿನ ರಾತ್ರಿ ಪಾಳಿಯವರನ್ನ ಕೆಳಗಿನ ಸಣ್ಣ ರೂಮಿಗೆ ಇಳಿಸಿದ್ರು. ಮೇಲಿನ ದೊಡ್ಡ ಹಾಲ್ ಪೂರ್ತಿ ಅವಳೊಬ್ಬಳದೇ. ಸಾಲು ಸಾಲಾಗಿ ಮುಗಿಸಿಕೊಂಡು ಬಂದ್ಲು. ಎಲ್ಲ ಸರಿಯಾಗಿ ಆಯ್ತು. ಉಳಿದಿದ್ದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿದ್ದ ಒಂದು.

ಅದು ಕೈಕೊಡ್ತು. ಆಪರೇಟಿಂಗ್ ಸಿಸ್ಟಮ್ ಚೆನ್ನಾಗಿ ಹತ್ತುತ್ತೆ. ಸ್ಕ್ರೀನಿಂದು ಹತ್ತುತ್ತೆ, ನೆಟ್‌ವರ್ಕಿಂದು ಹತ್ತುತ್ತೆ. ಸೌಂಡ್ ಡ್ರೈವರ್ ಮಾತ್ರ ನಿಲ್ಲಲ್ಲ. ಹಾಕ್ತಾಳೆ, ರೀಸ್ಟಾರ್ಟ್ ಮಾಡ್ತಾಳೆ, ನೋಡಿದ್ರೆ ಡ್ರೈವರ್ ಕೂತಿಲ್ಲ ಅನ್ನೋ ಹಳದಿ ಗುರುತು ಮತ್ತೆ. ಫೋನ್ ಮಾತಾಡೋ ಜಾಗದಲ್ಲಿ ಕಂಪ್ಯೂಟರಿಗೆ ಕಿವಿ ಬಾಯಿ ಇಲ್ಲ ಅಂದ್ರೆ ಏನು ಪ್ರಯೋಜನ? ಉಳಿದೆಲ್ಲದಕ್ಕೂ ಹಾಕಿದ ಅದೇ ಪೆನ್‌ಡ್ರೈವು, ಅದೇ ಡ್ರೈವರು. ಪೂರ್ತಿ ಅಳಿಸಿದ್ಲು. ಮೊದಲಿಂದ ಹಾಕಿದ್ಲು. ಮತ್ತೆ ಹಳದಿ. ಮತ್ತೆ ಅಳಿಸಿದ್ಲು.

ವೈರ್ ಸಡಿಲ ಇರಬಹುದು ಅಂತ ಕುರ್ಚಿ ಪಕ್ಕಕ್ಕೆ ತಳ್ಳಿ ಮೇಜಿನ ಕೆಳಗೆ ತೂರಿದ್ಲು. ಮೊಣಕಾಲೂರಿ, ಟಾರ್ಚ್ ಕಂಕುಳಲ್ಲಿ, ಹೆಡ್‌ಫೋನಿನ ವೈರು ಹಲ್ಲಲ್ಲಿ. ಸಿಪಿಯು ಫ್ಯಾನು ಸುಂಯ್... ಅಂತಿತ್ತು. ಆಗ ಮೇಲಿಂದ ಒಂದು ಹೆಂಗಸಿನ ದನಿ. ಬಳಲಿದ ದನಿ. ಗಂಟಲು ಕಟ್ಟಿದ ಹಾಗೆ.

"ಬದಲಿಗೆ ಬಂದ್ಯಾ?"

ಕೆಳಗಿನ ರೂಮಿನವರು ಯಾರೋ ಮೇಲೆ ಬಂದಿದ್ದಾರೆ ಅಂದ್ಕೊಂಡ್ಲು ಅಕ್ಕ. ಕಂಪ್ಯೂಟರ್ ಬದಲಿ ಮಾಡೋಕೆ ಬಂದ್ಯಾ ಅಂತ ಕೇಳ್ತಿರಬೇಕು. ಬಾಯಲ್ಲಿ ವೈರು. ತಿರುಗಿ ನೋಡೋಕೂ ಜಾಗ ಇಲ್ಲ. ಕೆಲಸದ ಗಡಿಬಿಡಿಯಲ್ಲಿ ಎಲ್ಲರೂ ಏನು ಮಾಡ್ತೀವೋ ಅದನ್ನೇ ಮಾಡಿದ್ಲು.

"ಹೂಂ... ಹೂಂ..."

ಕುರ್ಚಿಯ ಸ್ಪ್ರಿಂಗು ಕ್ರೀಂಚ್ ಅಂತು. ಕೂತವರು ಎದ್ದಾಗ ಬರೋ ಸದ್ದು. ಆಮೇಲೆ ಒಂದು ಉದ್ದನೆ ಉಸಿರು... ಉಸ್ಸ್... ಭಾರದ ಚೀಲ ಕೆಳಗಿಟ್ಟವರು ಬಿಡ್ತಾರಲ್ಲ, ಹಾಗೆ.

ಅಕ್ಕ ಹೊರಗೆ ತೂರಿ ಬಂದ್ಲು. ಯಾರೂ ಇಲ್ಲ. ತಾನು ಪಕ್ಕಕ್ಕೆ ತಳ್ಳಿದ್ದ ಕುರ್ಚಿ ಮೇಜಿನ ಮುಂದೇ ಇತ್ತು. ಅದರ ಮೆತ್ತೆ ತಗ್ಗಾಗಿತ್ತು... ಅವಳು ನೋಡ್ತಿದ್ದ ಹಾಗೇ ನಿಧಾನಕ್ಕೆ ಉಬ್ಬಿಕೊಂಡು ಮೇಲೆ ಬಂತು.

ಸ್ಕ್ರೀನ್ ನೋಡಿದ್ರೆ ಹಳದಿ ಗುರುತು ಮಾಯ. ಟಿಂ... ಟೊಂ ಅಂತ ಸೌಂಡ್ ಬಂತು. ಅಕ್ಕನಿಗೆ ಖುಷಿ. ಮೆತ್ತೆಯ ವಿಷಯ ತಲೆಗೇ ಹಾಕಿಕೊಳ್ಳಲಿಲ್ಲ. ಕೆಲಸ ಮುಗೀತಲ್ಲ! ಬ್ಯಾಗ್ ಹಾಕಿಕೊಂಡು ಹೊರಟ್ಲು. ಬಾವಿ ತನಕ ಬಂದ್ಲು. ಅಲ್ಲಿ ಯಾರೋ ಹಿಂದಲೆಗೆ ಹೊಡೆದ ಹಾಗೆ ಒಂದೇ ಒಂದು ಮಾತು ಬಂತಂತೆ ಮನಸ್ಸಿಗೆ.

ಕುರ್ಚಿ ಖಾಲಿ ಬಿಟ್ಟು ಬಂದ್ಬಿಟ್ಟೆ.

ಇದೆಲ್ಲ ಅವಳು ಹೇಳಿದ್ದು ಎಷ್ಟೋ ದಿನ ಆದಮೇಲೆ. ಆವತ್ತು ನನಗೇನು ಗೊತ್ತು? ಬೆಳಕು ಹರಿಯೋ ಹೊತ್ತಿಗೆ ಬಂದ್ಲು. ಕಣ್ಣು ಕೆಂಡ.

"ಎಲ್ಲಿಗೆ ಹೋಗಿದ್ದೆ? ಬಾವಿ ತನಕ ಬಂದು ವಾಪಸ್ ಹೋದ್ಯಲ್ಲ?"

"ಒಂದು ಸಿಸ್ಟಮ್ ಬಾಕಿ ಇತ್ತು ಕಣೇ."

ಅಷ್ಟೇ. ರಾತ್ರಿ ಆದ ತಕ್ಷಣ ಮತ್ತೆ ಹೊರಟ್ಲು. ಮರುದಿನವೂ. ಅದರ ಮರುದಿನವೂ. ಕೇಳಿದ್ರೆ ಅದೇ ಮಾತು, ಒಂದು ಬಾಕಿ ಇದೆ.

ಮನೆಯಲ್ಲಿದ್ದಾಗಲೂ ಅವಳು ಒಂದು ಕಡೆ ನಿಲ್ತಿರಲಿಲ್ಲ. ಊಟಕ್ಕೆ ಕೂತ್ರೆ ಎರಡು ತುತ್ತಿಗೆ ಏಳೋಳು. ಕಿಟಕಿಗೆ ಹೋಗೋಳು, ಬಾಗಿಲಿಗೆ ಹೋಗೋಳು, ಯಾರಾದ್ರೂ ಮೆಟ್ಟಿಲು ಹತ್ತಿದ್ರೆ ಕಿವಿ ನಿಮಿರಿಸೋಳು. ಮಲಗು ಅಂದ್ರೆ ಮಂಚದ ತುದಿಗೆ ನೆಟ್ಟಗೆ ಕೂರೋಳು. ಬಲಗೈ ಮಂಚದ ಅಂಚಿನ ಮೇಲೆ. ತೋರುಬೆರಳು ಮಾತ್ರ ಮೇಲೆ ಕೆಳಗೆ... ಟಿಕ್. ಟಿಕ್. ಉಗುರು ಮರಕ್ಕೆ ತಾಗೋ ಸದ್ದು. ನಾನು ಆ ಕೈ ಹಿಡಿದುಕೊಂಡ್ರೆ ಸುಮ್ಮನಾಗೋದು, ಬಿಟ್ರೆ ಮತ್ತೆ ಟಿಕ್. ಕೂತಲ್ಲೇ ಜೊಂಪು ಹತ್ತಿದ್ರೂ ತುಟಿ ಅಲ್ಲಾಡ್ತಿತ್ತು. ಕಿವಿ ಹತ್ತಿರ ಇಟ್ಟು ಕೇಳಿದೆ.

"ಇನ್ನೂ ಬಂದಿಲ್ವಲ್ಲ... ಇನ್ನೂ ಯಾರೂ ಬಂದಿಲ್ವಲ್ಲ..."

ಮೈ ಮುಟ್ಟಿದ್ರೆ ಸುಡ್ತಿತ್ತು. ನಾನು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ, ಮಾತ್ರೆಗೇನು ಬರ ಇರಲಿಲ್ಲ. ಯಾವ ಮಾತ್ರೆಗೂ ಜ್ವರ ಜಗ್ಗಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಅಂದೆ. "ರಜೆ ಹೇಗೆ ಹಾಕ್ಲಿ? ಬದಲಿ ಇಲ್ಲ" ಅಂದ್ಲು. ಬದಲಿ ಅನ್ನೋ ಮಾತು ನಾನು ಮೊದಲ ಸಲ ಕೇಳಿದ್ದು ಆಗಲೇ. ಸ್ವಂತವಾಗಿ ಕೆಲಸ ಮಾಡಿಕೊಂಡಿರೋಳು, ಇವಳಿಗೆಂಥ ಬದಲಿ ಅನ್ನಿಸ್ತು. ದೊಡ್ಡಮ್ಮ ಫೋನ್ ಮಾಡಿದಾಗ "ಚೆನ್ನಾಗಿದ್ದಾಳೆ, ಸ್ನಾನಕ್ಕೆ ಹೋಗಿದ್ದಾಳೆ" ಅಂದುಬಿಟ್ಟೆ. ಏನಂತ ಹೇಳಲಿ?

ಒಂದು ಬೆಳಗ್ಗೆ ಅಕ್ಕನ ಫೋನು ಹೊಡೆದುಕೊಳ್ತು. ಅವಳಿಗೆ ಕೂತಲ್ಲೇ ಮಂಪರು. ನಾನೇ ಎತ್ತಿದೆ. ಆ ಕಂಪನಿಯ ಸೂಪರ್‌ವೈಸರು.

"ಏನಮ್ಮಾ ಇದು? ಆ ಮೂಲೆ ಸಿಸ್ಟಮ್ಮು ದಿನಾ ಬೆಳಗ್ಗೆ ಖಾಲಿ ಇರುತ್ತೆ! ಯಾವ ಭಾಷೆ ಬೇಕು ಅಂತ ಕೇಳ್ಕೊಂಡು ಕೂತಿರುತ್ತೆ. ನಮ್ಮವರು ಕೆಲಸ ಹೇಗೆ ಮಾಡೋದು?"

"ಸರ್, ನಾನು ಅವಳ ತಂಗಿ. ಅಕ್ಕ ರಾತ್ರಿಯೆಲ್ಲ ನಿಮ್ಮಲ್ಲೇ ಕೆಲಸ ಮಾಡ್ತಿದ್ದಾಳಲ್ಲ?"



"ಕೆಲಸ ಮುಗಿದು ವಾರದ ಮೇಲಾಯ್ತಲ್ಲಮ್ಮ... ರಾತ್ರಿ ಅವಳನ್ನ ಕರೆದಿದ್ದು ಯಾರು?"



ಆ ರಾತ್ರಿ ನಾನು ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗಿದೆ. ನಿದ್ದೆ ಎಲ್ಲಿಂದ ಬರಬೇಕು? ಅಕ್ಕ ಎದ್ದು ಬಂದು ಹಾಸಿಗೆ ಪಕ್ಕ ನಿಂತ್ಲು. ಕೂಗಾಡಲಿಲ್ಲ, ಕಿತ್ತುಕೊಳ್ಳಲಿಲ್ಲ. ಶಾಲೆಗೆ ತಡ ಆದ ಮಕ್ಕಳು ಕೇಳ್ತವಲ್ಲ, ಆ ದನಿಯಲ್ಲಿ ಕೇಳಿದ್ಲು. "ಬೀಗದ ಕೈ ಕೊಡೇ. ಪಾಳಿಗೆ ಹೊತ್ತಾಯ್ತು." ಕಣ್ಣಲ್ಲಿ ನೀರು ಸುರೀತಿತ್ತು. ನನ್ನ ಕೈಲಿ ನೋಡೋಕಾಗಲಿಲ್ಲ. ಕೊಟ್ಟುಬಿಟ್ಟೆ. ಅವಳು ಇಳಿದ ಮೇಲೆ ಹಿಂದೆಯೇ ನಾನೂ ಇಳಿದೆ.

ಅವಳು ಎಷ್ಟು ಬೇಗ ನಡೆದ್ಲು ಅಂದ್ರೆ, ಜ್ವರದ ಮೈ ಅದು, ನಾನು ಓಡಬೇಕಾಯ್ತು. ಕಂಪನಿ ಗೇಟಿನೊಳಗೆ ಹೋಗಿಬಿಟ್ಲು. ನನ್ನನ್ನ ವಾಚ್‌ಮನ್ ತಡೆದ. ವಯಸ್ಸಾದವನು, ಕತ್ತಿಗೆ ಮಫ್ಲರು, ಮೊಣಕಾಲ ಮೇಲೆ ಸಣ್ಣಗೆ ಹಾಡ್ತಿದ್ದ ರೇಡಿಯೋ.

"ತಾತ, ಈಗ ಹೋದ್ಲಲ್ಲ, ನನ್ನ ಅಕ್ಕ. ಅವಳಿಗೆ ಮೈ ಸರಿ ಇಲ್ಲ. ದಿನಾ ಬಂದು ಏನು ಮಾಡ್ತಾಳೆ?"

ತಾತ ರೇಡಿಯೋ ಆಫ್ ಮಾಡಿದ. ಕಟಕ್.

"ಮೂಲೆಯಲ್ಲಿ ಕೂರುತ್ತೆ ಕಣಮ್ಮ. ಹಾಕುತ್ತೆ, ಅಳಿಸುತ್ತೆ. ಮತ್ತೆ ಹಾಕುತ್ತೆ. ನಾನು ಎಷ್ಟು ಕರೆದ್ರೂ ಎದ್ದೇಳಲ್ಲ." ಆಮೇಲೆ ಮೆಲ್ಲಗೆ ಕೇಳಿದ. "ಜ್ವರ ಬಂದಿದೆಯಾ?"

"ಬಂದಿದೆ."

"ಆಯಮ್ಮನಿಗೂ ಜ್ವರಾನೇ ಇದ್ದಿದ್ದು."

"ಯಾವ ಆಯಮ್ಮ?"

ಕತ್ತು ತಗ್ಗಿಸಿಕೊಂಡು ಹೇಳಿದ. ಹೋದ ವರ್ಷ ಆ ಮೂಲೆಯಲ್ಲಿ ರಾತ್ರಿ ಪಾಳಿಗೆ ಒಬ್ಬ ಹೆಂಗಸು ಕೂರ್ತಿದ್ಲಂತೆ. ಒಂದು ರಾತ್ರಿ ಜ್ವರ ಏರಿತು. ತಾತ ನೀರು ಕೊಡೋಕೆ ಮೇಲೆ ಹೋದಾಗ ಅವಳು ಸೂಪರ್‌ವೈಸರಿಗೆ ಫೋನಲ್ಲಿ ಹೇಳ್ತಿದ್ದಳು, ಮೈ ಸುಡ್ತಿದೆ ಸರ್, ಬದಲಿಗೆ ಯಾರನ್ನಾದ್ರೂ ಕಳಿಸಿ ಅಂತ. ಕಳಿಸ್ತೀನಿ, ಅಲ್ಲಿವರೆಗೆ ಕೂತಿರು ಅಂದ್ರಂತೆ ಅವರು. ಅಂದವರು ಮಗ್ಗುಲು ಬದಲಿಸಿ ಮಲಗಿಬಿಟ್ರು. ಯಾರಿಗೂ ಹೋಗು ಅಂತ ಹೇಳಲಿಲ್ಲ. ಅವಳು ಕೂತೇ ಇದ್ಲು. ಬೆಳಗಿನ ಪಾಳಿಯವಳು ಬಂದು ಹೆಗಲು ಮುಟ್ಟಿದಾಗ...

"ತಣ್ಣಗಿತ್ತು ಕಣಮ್ಮ. ಕಿವಿಗೆ ಹಾಕ್ಕೊಂಡಿದ್ದು ಹಾಗೇ ಇತ್ತು. ಸ್ಟೀಲಿನ ಊಟದ ಡಬ್ಬಿ ತೆರೆದೇ ಇರಲಿಲ್ಲ."

ನಾನು ಒಳಗೆ ಓಡೋಕೆ ಹೋದೆ. ತಾತ ಕೈ ಹಿಡಿದುಕೊಂಡ.

"ತಡಿ. ಗುಡಿಸೋಕೆ ಬರ್ತಿದ್ದ ಹೆಂಗಸೊಬ್ಬಳಿಗೆ ಅಲ್ಲಿ ಏನೋ ಕೇಳಿಸಿತ್ತು. ಪೊರಕೆ ಅಲ್ಲೇ ಬಿಸಾಕಿ ಹೋದವಳು ಮತ್ತೆ ಬರಲಿಲ್ಲ. ಒಳಗೆ ಏನು ಕೇಳಿದ್ರೂ, ಯಾರು ಕೇಳಿದ್ರೂ, ಹೂಂ ಅನ್ನಬೇಡ."

ರಾತ್ರಿ ಪಾಳಿಯವರು ಇನ್ನೂ ಕೆಳಗಿನ ಸಣ್ಣ ರೂಮಲ್ಲೇ ಇದ್ರು, ಮೇಲಿನ ಹಾಲಿನಲ್ಲಿ ದೀಪ ಹಾಕಿರಲಿಲ್ಲ. ಖಾಲಿ ಕುರ್ಚಿಗಳ ಸಾಲು. ಮೂಲೆಯಲ್ಲಿ ಒಂದೇ ಒಂದು ನೀಲಿ ಬೆಳಕು, ಅದರ ಮುಂದೆ ಅಕ್ಕನ ತಲೆ. ಕಿವಿಗೆ ಹೆಡ್‌ಫೋನು. ಫ್ಯಾನಿನ ಸುಂಯ್. ಒಳಗೆ ಡಿಸ್ಕು ಕರ್... ಕರ್... ಅಂತ ಕೊರೀತಿತ್ತು. ಟಿಕ್ ಅಂತ ಮೌಸು.

ಹತ್ತಿರ ಹೋದೆ. ಸ್ಕ್ರೀನ್ ಮೇಲೆ ಅದೇ ಪಟ್ಟಿ ಎಡದಿಂದ ಬಲಕ್ಕೆ ತುಂಬ್ತಾ ಇತ್ತು. ತುಂಬಿತು. ಟಿಂ... ಟೊಂ ಅಂತು. ಎಲ್ಲ ಸರಿಯಾಗಿ ಆಗಿದೆ, ಎದ್ದು ಬರಬಹುದು. ಅಕ್ಕ ಮತ್ತೆ ಅಳಿಸೋ ಬಟನ್ ಒತ್ತಿದ್ಲು. ಕರ್... ಕರ್...

"ಅಕ್ಕಾ. ಏಳು. ಮನೆಗೆ ಹೋಗೋಣ."

ಅವಳು ತಿರುಗಲಿಲ್ಲ. ಗೋಡೆ ನೋಡ್ಕೊಂಡೇ ಕೇಳಿದ್ಲು. ಗಂಟಲು ಕಟ್ಟಿದ ದನಿ. ಅವಳದಲ್ಲ... ಅವಳದೂ ಹೌದು.

"ಬದಲಿಗೆ ಬಂದ್ಯಾ?"

ನೋಡಿ, ನಾನು ಈಗ ಧೈರ್ಯವಾಗಿ ಹೇಳ್ತಿದ್ದೀನಿ. ಆಗ ನನ್ನ ನಾಲಿಗೆ ತುದಿಯಲ್ಲಿ ಹೂಂ ಬಂದೇಬಿಟ್ಟಿತ್ತು. ಹೆದರಿಕೆಗಲ್ಲ. ಅವಳ ಕತ್ತಿನ ಮೂಳೆ ಕಾಣ್ತಿತ್ತು, ಕೂದಲು ಬೆವರಿಗೆ ಅಂಟಿಕೊಂಡಿತ್ತು. ಚಿಕ್ಕಂದಿನಲ್ಲಿ ನನ್ನ ಪಾಲಿನ ಪಾತ್ರೆ ತೊಳೆದುಕೊಟ್ಟವಳು ಅವಳು. ಒಂದು ಹೂಂ ಅಂದ್ರೆ ಎದ್ದು ಮನೆಗೆ ಹೋಗ್ತಾಳೆ. ಹೋಗಲಿ, ಆಮೇಲೆ ನನಗೆ ಏನಾಗುತ್ತೋ ಆಗಲಿ, ಅನ್ನಿಸಿಬಿಟ್ಟಿತ್ತು. ಬಾಯಿ ಮೇಲೆ ಕೈ ಇಟ್ಟುಕೊಂಡೆ.

"ನಾನು ನಿನ್ನ ತಂಗಿ ಕಣೇ."

"ತಂಗಿ ಅಲ್ಲ. ಬದಲಿ ಬೇಕು. ಕಳಿಸ್ತೀನಿ ಅಂದಿದ್ದಾರೆ."

ಕಳಿಸ್ತೀನಿ ಅಂದಿದ್ದಾರೆ... ಆಗ ನನಗೆ ಹೊಳೀತು, ಇಲ್ಲಿ ಬೇಕಾಗಿರೋದು ನಾನಲ್ಲ ಅಂತ. ಅಕ್ಕನ ಫೋನು ಮೇಜಿನ ಮೇಲಿತ್ತು. ತಗೊಂಡು ಬೆಳಗ್ಗೆ ಬಂದಿದ್ದ ನಂಬರಿಗೆ ಹೊಡೆದೆ. ರಿಂಗಾಯ್ತು, ರಿಂಗಾಯ್ತು, ನಿದ್ದೆಗಣ್ಣಲ್ಲಿ ಎತ್ತಿದ್ರು.

"ಸರ್, ಆ ಮೂಲೆ ಕುರ್ಚಿಗೆ ಯಾರನ್ನ ಕಳಿಸ್ತೀನಿ ಅಂದಿದ್ರಿ?"

ಯಾರು ನೀನು ಅಂತ ಕೇಳಲಿಲ್ಲ. ಬೈಯಲಿಲ್ಲ. 

"ಬಂದೆ" ಅಂದು ಇಟ್ಟುಬಿಟ್ರು.

ಬರೋ ಅಷ್ಟು ಹೊತ್ತು ನಾನು ಅಕ್ಕನ ಪಕ್ಕ ನೆಲದ ಮೇಲೆ ಕೂತಿದ್ದೆ. ಅವಳ ಕಾಲು ಹಿಡ್ಕೊಂಡು. ಕಾಲು ಮಾತ್ರ ಹಿಮದ ಹಾಗೆ, ಉಳಿದ ಮೈ ಬೆಂಕಿ. ಆಗಾಗ ಕೇಳೋಳು, "ಬದಲಿಗೆ ಬಂದ್ಯಾ?" ನಾನು ತುಟಿ ಕಚ್ಚಿಕೊಂಡಿರ್ತಿದ್ದೆ. ಒಂದೊಂದು ಸಲ ಕೇಳುವಾಗಲೂ ದನಿ ಸಣ್ಣಗಾಗ್ತಾ ಬಂತು. ಅದೇ ನನಗೆ ಹೆಚ್ಚು ಹೆದರಿಕೆ. ಕೇಳೋದು ನಿಂತುಬಿಟ್ರೆ?

ಕೊನೆಗೆ ಕೆಳಗೆ ಸ್ಕೂಟರ್ ನಿಂತ ಸದ್ದು. ಮೆಟ್ಟಿಲ ಮೇಲೆ ದಡದಡ. ಸೂಪರ್‌ವೈಸರು ಬಂದ್ರು. ಅಂಗಿ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ರು. ಬಾಗಿಲಲ್ಲೇ ನಿಂತ್ರು. ಅವರ ಹಿಂದೆ ತಾತ.

"ನಾನೇನು ಮಾಡ್ಬೇಕಮ್ಮ?"

"ಏಳೋಕೆ ಹೇಳಿ ಸರ್. ನೀವೇ ಕೂರೋಕೆ ಹೇಳಿದ್ದು."

"ಇವಳಿಗೆ ನಾನು ಹೇಳಿಲ್ಲ..."

"ಸರ್!"

ಒಂದೊಂದೇ ಹೆಜ್ಜೆ ಇಟ್ಟುಕೊಂಡು ಮೂಲೆಗೆ ಬಂದ್ರು. ಆಯಮ್ಮ ಹೋದಾಗಿನಿಂದ ಅವರು ಆ ಮೂಲೆಗೆ ಬಂದೇ ಇರಲಿಲ್ಲವಂತೆ, ತಾತ ಆಮೇಲೆ ಹೇಳಿದ. ಅಕ್ಕನಿಗೆ "ಏಳಮ್ಮ, ಸಾಕು" ಅಂದ್ರು. ಅವಳು ಅಲ್ಲಾಡಲಿಲ್ಲ. ಇನ್ನೊಂದು ಸಲ ಅಂದ್ರು. ಕಿವಿಗೆ ಹೆಡ್‌ಫೋನ್ ಇದೆಯಲ್ಲ, ಕೇಳಿಸ್ತಿಲ್ಲ ಅಂತ ನಾನೇ ಅದನ್ನ ಒಂದು ಕಡೆಯಿಂದ ಎತ್ತಿದೆ. ಒಳಗಿಂದ ಸಣ್ಣ ಸದ್ದು ಬರ್ತಿತ್ತು, ಜೀರುಂಡೆ ಥರ. ನನಗೆ ಮಾತು ಅಂತ ತಿಳೀಲಿಲ್ಲ. ಅವರು ಬಗ್ಗಿ ಅದಕ್ಕೆ ಕಿವಿ ಕೊಟ್ರು.

ಏನು ಕೇಳಿಸ್ತು ಅಂತ ಅವರು ಇವತ್ತಿಗೂ ಯಾರಿಗೂ ಹೇಳಿಲ್ಲ.  ಮೇಜಿನ ಅಂಚು ಹಿಡ್ಕೊಂಡ್ರು. ಆಮೇಲೆ ಅಕ್ಕನಿಗಲ್ಲ, ಹೆಡ್‌ಫೋನಿನ ಮೈಕಿಗೆ ಬಾಯಿ ತಾಗಿಸಿ ಹೇಳಿದ್ರು. ಪಿಸುಮಾತು. ನಾನು ಪಕ್ಕದಲ್ಲೇ ಇದ್ದೆ, ಅಕ್ಷರ ಅಕ್ಷರ ಕೇಳಿಸ್ತು.

"ನಾನು ಯಾರನ್ನೂ ಕಳಿಸಲಿಲ್ಲಮ್ಮ. ಮಲಗಿಬಿಟ್ಟೆ... ತಪ್ಪು ನಂದು. ಈಗ ನಾನೇ ಬಂದಿದ್ದೀನಿ, ಬದಲಿಗೆ. ನೀನು ಏಳು. ಪಾಳಿ ಮುಗೀತು. ಆಫ್ ಮಾಡಿ ಮನೆಗೆ ಹೋಗು."

ಡಿಸ್ಕಿನ ಕರ್ ಕರ್ ನಿಂತೋಯ್ತು.

ಅಕ್ಕನ ಕೈ ನಿಧಾನಕ್ಕೆ ಸರೀತು. ಬಟನ್ ಒತ್ತಿದ್ಲು. ಸ್ಕ್ರೀನ್ ಕಪ್ಪಾಯ್ತು. ಫ್ಯಾನಿನ ಸುಂಯ್ ಇಳೀತಾ ಇಳೀತಾ ಬಂದು... ಪೂರ್ತಿ ನಿಂತಾಗಲೇ ಗೊತ್ತಾಗಿದ್ದು ಅದು ಎಷ್ಟು ಜೋರಾಗಿತ್ತು ಅಂತ. ಕತ್ತಲು.  ಕುರ್ಚಿ ಕ್ರೀಂಚ್ ಅಂತು. ಅಕ್ಕ ಎದ್ದು ನಿಂತಿದ್ಲು.

"ಅಯ್ಯೋ, ಕಾಲು ಜೋಮು ಹಿಡಿದಿದೆ ಕಣೇ" ಅಂದ್ಲು. ಅವಳದೇ ದನಿ. "ನೀನ್ಯಾಕೆ ಇಲ್ಲಿದ್ದೀಯಾ? ಅಳ್ತಿದ್ದೀಯಾ?"

ನಾನು ಅವಳನ್ನ ತಬ್ಬಿಕೊಂಡೆ. ಮೈಯೆಲ್ಲ ಬೆವರು. ಜ್ವರ ಬಿಡ್ತಿತ್ತು.

ನಾವು ಹೊರಟಾಗ ಸೂಪರ್‌ವೈಸರು ಆ ಕುರ್ಚಿಯಲ್ಲಿ ಕೂತರು. ಬನ್ನಿ ಸರ್ ಅಂದ ತಾತ. "ಬೆಳಗಿನವರು ಬರಲಿ" ಅಂದ್ರು ಅಷ್ಟೇ. ಕೂತೇ ಇದ್ರು. ಬೆಳಗ್ಗೆ ಪಾಳಿಯವಳು ಬಂದ ಮೇಲೆ ಎದ್ದು, ಮುಖ ತೊಳೆದು, ಎಂದಿನ ಹಾಗೆ ಕೆಲಸ ಶುರು ಮಾಡಿದ್ರಂತೆ. ಆಮೇಲಿಂದ ಯಾರಿಗೆ ಮೈ ಸರಿ ಇಲ್ಲ ಅಂದ್ರೂ, ಎಷ್ಟು ಹೊತ್ತಾಗಿರಲಿ, ಅವರೇ ಬಂದು ಕೂರ್ತಾರೆ ಅಂತ ಕೇಳಿದ್ದೀನಿ. ಆ ಕಂಪ್ಯೂಟರಿಗೆ ಮತ್ತೆ ಏನೂ ತೊಂದರೆ ಬರಲಿಲ್ಲ. ಈಗಲೂ ಓಡ್ತಿದೆ.

ಅಕ್ಕ ಒಂದು ಹಗಲು ಒಂದು ರಾತ್ರಿ ಮಗ್ಗುಲು ಬದಲಿಸದೆ ಮಲಗಿದ್ಲು. ನಾನು ಪಕ್ಕದಲ್ಲೇ ಕೂತು ಅವಳ ಬೆರಳನ್ನೇ ನೋಡ್ತಿದ್ದೆ. ಅಲ್ಲಾಡಲಿಲ್ಲ. ಎದ್ದ ಮೇಲೆ ಹಸಿವು ಅಂದ್ಲು. ತಿನ್ನುತ್ತಾ ತಿನ್ನುತ್ತಾ ಮೇಜಿನ ಕೆಳಗೆ ಕೇಳಿದ ದನಿಯ ವಿಷಯ ಹೇಳಿದ್ಲು. ಕೆಲಸವನ್ನೇನೂ ಬಿಡಲಿಲ್ಲ ಅವಳು. ಇವತ್ತಿಗೂ ಅದೇ ಕೆಲಸ. ಆದ್ರೆ ಹಿಂದಿನಿಂದ ಏನಾದ್ರೂ ಕೇಳಿ ನೋಡಿ, ಕೈಲಿರೋದನ್ನ ಬಿಟ್ಟು, ಪೂರ್ತಿ ತಿರುಗಿ, ನಿಮ್ಮ ಮುಖ ನೋಡಿ ಆಮೇಲೇನೇ ಉತ್ತರ ಕೊಡ್ತಾಳೆ. ಅವಳಿಗೆ ಜಂಬ ಅಂತಾರೆ ಜನ. ಅನ್ನಲಿ.

ಇಷ್ಟಕ್ಕೇ ಮುಗಿದಿದ್ರೆ ನಾನೂ ಇದನ್ನ ಜ್ವರದ ಭ್ರಮೆ ಅಂತ ತಳ್ಳಿಹಾಕ್ತಿದ್ದೆ. ಅವಳು ಎದ್ದ ದಿನ ಸಾಯಂಕಾಲ ಅಕ್ಕನ ಬ್ಯಾಗು ಖಾಲಿ ಮಾಡ್ತಿದ್ದೆ. ಪೆನ್‌ಡ್ರೈವು, ಸ್ಕ್ರೂಡ್ರೈವರು, ವೈರು. ಎಲ್ಲದರ ಕೆಳಗೆ ಒಂದು ಸ್ಟೀಲ್ ಊಟದ ಡಬ್ಬಿ. ನಮ್ಮದಲ್ಲ. ನಮ್ಮಲ್ಲಿ ಅಂಥ ಡಬ್ಬಿ ಇರಲೇ ಇಲ್ಲ. ಅಕ್ಕನೂ ನೋಡಿ ನಂದಲ್ಲ ಅಂದ್ಲು. ಮುಚ್ಚಳ ಬಿಗಿಯಾಗಿತ್ತು, ಇಬ್ಬರೂ ಸೇರಿ ತೆಗೆದ್ವಿ. ಟಪ್ ಅಂತು. ಖಾಲಿ. ಚೆನ್ನಾಗಿ ತೊಳೆದಿತ್ತು. ಮನೆಗೆ ಹೊರಡೋ ಮುಂಚೆ ತೊಳೆದು ಇಟ್ಟುಕೊಂಡ ಹಾಗೆ... ಒಳಗೆ ಇನ್ನೂ ನೀರಿನ ಹನಿ ಇತ್ತು.

ಸುಳ್ಳು ಅನ್ನಿಸಿದ್ರೆ ಬನ್ನಿ, ತೋರಿಸ್ತೀನಿ. ನಮ್ಮ ಅಡುಗೆಮನೆ ಮೇಲಿನ ಗೂಡಲ್ಲೇ ಇದೆ. ನಾವು ಅದರಲ್ಲಿ ಏನೂ ಹಾಕಿಲ್ಲ. ಎಷ್ಟು ಸಲ ಒರೆಸಿ ಮುಚ್ಚಿಟ್ಟಿದ್ದೀನೋ... ಯಾವಾಗ ತೆಗೆದ್ರೂ ಒಳಗೆ ಒದ್ದೆ.